ಮೂರನೇ ಗೇರಿನ ಸಪ್ಪಳ

ತಸ್ಲೀಮಾ ನದಾಫ್ ಬೈಕನ್ನು ಡಬಲ್ ಸ್ಟ್ಯಾಂಡಿಗೆ ಎಳೆದು ನಿಲ್ಲಿಸಿ, ಜೇಬಿನಿಂದ ಸದ್ದು ಪರೀಕ್ಷಿಸುವ ಬಿಲ್ಲೆಯನ್ನು ತೆಗೆದು ಎಂಜಿನ್ನಿನ ಅಡಿಯ ಬೋಲ್ಟಿಗೆ ಹಿಡಿದಳು. ಹಳೆಯ ಹತ್ತು ರೂಪಾಯಿ ನಾಣ್ಯದಷ್ಟಿದ್ದ ಆ ಬಿಲ್ಲೆ ಟಪ್ಪೆಂದು ಅಂಟಿಕೊಂಡಿತು. ಎಂಜಿನ್ ಚಾಲೂ ಮಾಡಿ, ಬಿಲ್ಲೆ ಹೇಳಿದಂತೆ ಮೊದಲು ನ್ಯೂಟ್ರಲ್‌ನಲ್ಲಿ ಕ್ಲಚ್ ಹಿಡಿದು ಬಿಟ್ಟಳು; ಆಮೇಲೆ ಒಂದೊಂದೇ ಗೇರು ಹಾಕುತ್ತ ಹೋದಳು. ನೆಲ ಮುಟ್ಟದ ಹಿಂದಿನ ಚಕ್ರ ಗಿರ್ರನೆ ತಿರುಗಿತು. ಅರ್ಧ ನಿಮಿಷ ಕಳೆದ ಮೇಲೆ ಬಿಲ್ಲೆಯ ಅಂಚಿನಲ್ಲಿ ಹಸಿರು ಬೆಳಕು ಮೂಡಿತು.

“ಕ್ಲಚ್ ಡ್ರಮ್ಮಿನ ಮಾಮೂಲಿ ಸದ್ದು. ದೋಷವಿಲ್ಲ. ಓಡಿಸಬಹುದು” ಎಂದು ಅದರೊಳಗಿನ ಹೆಣ್ಣುದನಿ ಹೇಳಿತು.

ಇದು ನಡೆದದ್ದು 2053ರ ಅಕ್ಟೋಬರ್ ತಿಂಗಳ ಒಂದು ಬೆಳಗ್ಗೆ, ಗದಗಿನ ಮುಳಗುಂದ ನಾಕಾದ ಬಳಿಯ ಒಂದು ಗ್ಯಾರೇಜಿನಲ್ಲಿ. ಪೆಟ್ರೋಲಿನ ಕಾಲ ಮುಗಿದು ಬೈಕುಗಳೆಲ್ಲ ಮೆಕ್ಕೆಜೋಳದ ಎಥನಾಲಿನಿಂದ ಓಡತೊಡಗಿ ಹದಿನೈದು ವರ್ಷವಾಗಿತ್ತು. ಇಂಧನ ಬದಲಾದರೂ ಒಳಗಿನ ಕ್ಲಚ್ಚು, ಗೇರು, ಬೇರಿಂಗುಗಳು ಬದಲಾಗಿರಲಿಲ್ಲ. ಅವು ಸವೆಯುವ ರೀತಿಯಾಗಲಿ, ಸವೆಯುವಾಗ ಮಾಡುವ ಸದ್ದಾಗಲಿ ಬದಲಾಗಿರಲಿಲ್ಲ.

ಗ್ಯಾರೇಜಿನ ಮಾಲೀಕ ಮಾನಪ್ಪ ಕಮ್ಮಾರ ಕೈ ಒರೆಸಿಕೊಳ್ಳುತ್ತ ಎದ್ದು ಬಂದ. ಅವನಿಗೆ ಆಗ ಐವತ್ತೆಂಟು ವರ್ಷ.

“ಇನ್ನೊಮ್ಮಿ ಮೂರನೇ ಗೇರ್ ಹಾಕ ಯವ್ವಾ.”

ತಸ್ಲೀಮಾ ಹಾಕಿದಳು. ಮಾನಪ್ಪ ಒಂದು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಗೇರ್‌ಬಾಕ್ಸಿನ ಮೈಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಆನಿಸಿದ. ಲೋಹದ ಕಡ್ಡಿಯ ಮೂಲಕ ಒಳಗಿನ ಸದ್ದು ನೇರವಾಗಿ ತಲೆಬುರುಡೆಗೆ ಬರುತ್ತದೆ. ಬಿಲ್ಲೆ ಬರುವ ಮೊದಲು ಎಲ್ಲ ಮೆಕ್ಯಾನಿಕರೂ ಹೀಗೆಯೇ ಕೇಳುತ್ತಿದ್ದರು.

“ಡ್ರಮ್ಮಿನ ಸಪ್ಪಳ ಐತಿ, ಖರೆ. ಆದ್ರ ಅದರ ಕೆಳಗ ಇನ್ನೊಂದು ಐತಿ ನೋಡು. ಕ್ಲಚ್ ಹಿಡಿ... ಡ್ರಮ್ಮಿಂದು ನಿಂತ್ತು. ಇದು ನಿಂದ್ರವಲ್ದು. ಚಕ್ರ ತಿರಗೂ ಮಟಾ ಗುಂಯ್ ಅಂತೈತಿ, ನಡುವ ಒಂದೊಂದು ಸಲ ಟಿಕ್ ಅಂತೈತಿ. ಗೇರ್‌ಬಾಕ್ಸಿನ ಬೇರಿಂಗ್ ಇರಬೇಕು. ಗಾಡಿ ಇಲ್ಲೇ ಬಿಡು.”

“ಕಾಕಾ, ಹಸರ ಬಂತಲ್ಲ!” ತಸ್ಲೀಮಾ ನಕ್ಕಳು. ಅವಳು ಹಳ್ಳಿಗಳ ಆರೋಗ್ಯ ಕೇಂದ್ರಗಳಿಂದ ರಕ್ತದ ಮಾದರಿಗಳನ್ನು ಜಿಲ್ಲಾ ಪ್ರಯೋಗಾಲಯಕ್ಕೆ ತಲುಪಿಸುವ ಕೆಲಸದವಳು. ವಯಸ್ಸು ಇಪ್ಪತ್ತೇಳು. “ಹನ್ನೊಂದಕ್ಕ ಶಿರಹಟ್ಟಿಯೊಳಗ ಇರಬೇಕು ನಾನು. ಹಸರ ಬಂದ ಗಾಡಿ ಬಿಟ್ಟು ರಜಾ ಕೇಳಿದ್ರ ಯಾರು ಕೊಡ್ತಾರ? ಅಲ್ಲದ, ಇದರಾಗ ಇರೋದು ನಿಮ್ಮ ಕಿವೀನ ಅಲ್ಲೇನು?”

ಮಾನಪ್ಪ ಸ್ಕ್ರೂಡ್ರೈವರನ್ನು ಕೆಳಗಿಳಿಸಿದ. ಬಿಲ್ಲೆಗೆ ಸದ್ದುಗಳನ್ನು ಕಲಿಸಿದವನು ಅವನೇ ಎಂಬುದು ಗದಗಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಕೆಂಪು ಬೆಳಕು ಬರದ ಗೇರ್‌ಬಾಕ್ಸನ್ನು ಬಿಚ್ಚಿದರೆ ಬೈಕಿನ ವಿಮೆ ರದ್ದಾಗುತ್ತದೆ, ಬಿಚ್ಚಿದವನ ಪರವಾನಗಿಯೂ ಹೋಗುತ್ತದೆ. ಆದರೆ ಆ ಹೊತ್ತಿಗೆ ಅವನ ಬಾಯಿ ಕಟ್ಟಿದ್ದು ಆ ನಿಯಮವಲ್ಲ. ಎರಡು ವರ್ಷದಿಂದ ಅವನ ಎಡಗಿವಿ ಆಗಾಗ ಗುಂಯ್‌ಗುಡುತ್ತಿತ್ತು. ಹೆಂಡತಿ ಕರೆದದ್ದು ಎಷ್ಟೋ ಸಲ ಕೇಳಿಸುತ್ತಿರಲಿಲ್ಲ.

“ಅದೂ ಖರೇನ. ಅದರಾಗ ಇರೋದು ನನ್ನ ಪ್ರಾಯದ ಕಿವಿ. ಇದು ಮುದುಕನ ಕಿವಿ” ಎಂದ. “ಹೋಗು. ಸಾವಕಾಶ ಹೋಗು.”

*

ಇಪ್ಪತ್ತೆರಡು ವರ್ಷದ ಹಿಂದೆ ಸ್ಫೂರ್ತಿ ಹಾವನೂರ ಎಂಬ ಸಂಶೋಧಕಿ ಧಾರವಾಡದಿಂದ ಮಾನಪ್ಪನ ಗ್ಯಾರೇಜಿಗೆ ಬಂದಿದ್ದಳು. ಯಂತ್ರಗಳ ಕಂಪನದ ಮೇಲೆ ಅವಳ ಅಧ್ಯಯನ. ಸವೆಯುವ ಪ್ರತಿ ಭಾಗವೂ ತನ್ನದೇ ಆದ ಕಂಪನ ಹುಟ್ಟಿಸುತ್ತದೆ. ಸಾವಿರಾರು ಕಂಪನಗಳನ್ನು ದಾಖಲಿಸಿ, ಇದು ಇಂಥದ್ದರ ಸದ್ದು ಎಂದು ತಿಳಿದವರಿಂದ ಹೇಳಿಸಿದರೆ, ಯಂತ್ರವೂ ಅದನ್ನು ಗುರುತಿಸಲು ಕಲಿಯುತ್ತದೆ ಎಂಬುದು ಅವಳ ಲೆಕ್ಕ. ತಿಳಿದವರು ಯಾರು ಎಂದು ವಿಚಾರಿಸಿದಾಗ ಮೂರು ಜಿಲ್ಲೆಯ ಜನ ಮಾನಪ್ಪನ ಹೆಸರು ಹೇಳಿದ್ದರು.

ಅವಳು ಎರಡು ವರ್ಷ ಆ ಗ್ಯಾರೇಜಿನ ಮೂಲೆಯಲ್ಲಿ ಕುಳಿತಳು. ಎಂಜಿನ್ನಿಗೆ ಒಂದು ಮೈಕು, ಮಾನಪ್ಪನ ಅಂಗಿಗೆ ಒಂದು ಮೈಕು. ಬೈಕು ಬರುತ್ತಿತ್ತು, ಮಾನಪ್ಪ ಕೇಳುತ್ತಿದ್ದ, ಗಿರಾಕಿಗೆ ಹೇಳುತ್ತಿದ್ದ. ಎಂಜಿನ್ನಿನ ಸದ್ದಿನ ಪಕ್ಕದಲ್ಲಿ ಅವನ ಮಾತು ದಾಖಲಾಗುತ್ತಿತ್ತು. ಹನ್ನೊಂದು ಸಾವಿರ ಬೈಕುಗಳು. ಮಧ್ಯಾಹ್ನ ಮಾನಪ್ಪನ ಹೆಂಡತಿ ಕಳಿಸಿದ ಡಬ್ಬಿಯಲ್ಲಿ ಸ್ಫೂರ್ತಿಗೂ ಎರಡು ರೊಟ್ಟಿ ಇರುತ್ತಿದ್ದವು. ‘ಇದರಿಂದ ಮುಂದ ನಿನ್ನ ಕೆಲಸಾನ ಹೋದೀತು’ ಎಂದು ಪಕ್ಕದ ಪಂಕ್ಚರ್ ಅಂಗಡಿಯವನು ಹೇಳಿದಾಗ ಮಾನಪ್ಪ, “ಹೋಗ್ಲಿ ಬಿಡ, ನಾ ಏನು ನೂರು ವರ್ಷ ಇರತೇನಿ? ಕಿವಿ ಆದ್ರೂ ಉಳೀತೈತಿ” ಎಂದಿದ್ದ.

ಆ ದಾಖಲೆಗಳಿಂದ ಹುಟ್ಟಿದ ಬಿಲ್ಲೆಯಿಂದ ಒಳ್ಳೆಯದೇ ಆಯಿತೆಂದು ಯಾರೇ ಆದರೂ ಒಪ್ಪಬೇಕು. ಚೆನ್ನಾಗಿದ್ದ ಕ್ಲಚ್ ಪ್ಲೇಟನ್ನೂ ಸವೆದಿದೆ ಎಂದು ಕಿತ್ತು ಹಾಕುವವರ ಆಟ ನಿಂತಿತು. ಒಂದೇ ಸದ್ದಿಗೆ ಮೂರು ಗ್ಯಾರೇಜಿನಲ್ಲಿ ಮೂರು ಮಾತು ಕೇಳುವ ಕಷ್ಟ ತಪ್ಪಿತು. ಯಂತ್ರದ ಗಂಧವೇ ಇಲ್ಲದವರೂ ತಮ್ಮ ಬೈಕಿನ ಒಳಗನ್ನು ತಿಳಿದುಕೊಂಡರು. ದಾರಿಯಲ್ಲಿ ಕೆಟ್ಟು ನಿಲ್ಲುವ ಬೈಕುಗಳು ಅರ್ಧಕ್ಕೂ ಕಡಿಮೆಯಾದವು. ಧ್ವನಿಮಾನ ಎಂಬ ಸಂಸ್ಥೆ ಅದನ್ನು ಕೊಂಡು ದೇಶದ ತುಂಬ ಹರಡಿತು. ಡಾ. ಸ್ಫೂರ್ತಿ ಆ ಸಂಸ್ಥೆಯ ಧಾರವಾಡ ಪ್ರಯೋಗಾಲಯದ ಮುಖ್ಯಸ್ಥೆಯಾದಳು. ಮೆಕ್ಯಾನಿಕರು ಮಾತ್ರ ಕ್ರಮೇಣ ಕೇಳುವುದನ್ನು ಬಿಟ್ಟು, ಬಿಲ್ಲೆ ಹೇಳಿದ ಭಾಗವನ್ನು ಬದಲಿಸುವವರಾದರು. ಸ್ಕ್ರೂಡ್ರೈವರನ್ನು ಕಿವಿಗೆ ಇಡುವವರು ಮಾನಪ್ಪನಂಥ ನಾಲ್ಕಾರು ಮಂದಿ ಉಳಿದಿದ್ದರು. ಅವರೂ ಅಭ್ಯಾಸಬಲದಿಂದ ಇಡುತ್ತಿದ್ದರು.

*

ಆ ಬೆಳಗಿನಿಂದ ಒಂಬತ್ತನೇ ದಿನ ತಸ್ಲೀಮಾ ಶಿರಹಟ್ಟಿಯಿಂದ ಹಿಂತಿರುಗುತ್ತಿದ್ದಳು. ಒಂದು ಇಳಿಜಾರಿನಲ್ಲಿ ವೇಗ ತಗ್ಗಿಸಲು ಮೂರನೇ ಗೇರಿಗೆ ಬಂದಳು. ಬೇರಿಂಗಿನ ಒಡೆದ ಚೂರು ಗೇರಿನ ಹಲ್ಲುಗಳ ನಡುವೆ ಸಿಕ್ಕಿ ಗೇರ್‌ಬಾಕ್ಸ್ ಲಾಕಾಯಿತು. ಹಾಗಾದಾಗ ಕ್ಲಚ್ ಹಿಡಿದು ಪ್ರಯೋಜನವಿಲ್ಲ. ಕ್ಲಚ್ ಎಂಜಿನ್ನನ್ನು ಗೇರ್‌ಬಾಕ್ಸಿನಿಂದ ಬಿಡಿಸುತ್ತದೆಯೇ ಹೊರತು ಚಕ್ರವನ್ನು ಗೇರ್‌ಬಾಕ್ಸಿನಿಂದ ಬಿಡಿಸುವುದಿಲ್ಲ. ಹಿಂದಿನ ಚಕ್ರ ಕಚ್ಚಿ ಹಿಡಿದಂತೆ ನಿಂತಿತು. ಬೈಕು ಅಡ್ಡ ತಿರುಗಿ, ಎದುರು ಬರುತ್ತಿದ್ದ ಟ್ರ್ಯಾಕ್ಟರಿನ ಟ್ರೇಲರಿನ ಕೆಳಗೆ ಜಾರಿತು. ಟಾರಿನ ಮೇಲೆ ಇಪ್ಪತ್ತಮೂರು ಜನರ ರಕ್ತದ ಸೀಸೆಗಳು ಒಡೆದಿದ್ದವು. ತಸ್ಲೀಮಾಳ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು.

ಹಸಿರು ತೋರಿಸಿದ ಬೈಕಿನ ಗೇರ್‌ಬಾಕ್ಸ್ ಲಾಕಾಗುವುದು ಅಪರೂಪ. ಆದರೆ ಈ ಅಪಘಾತದ ಕಡತ ಧಾರವಾಡದ ತನ್ನ ಮೇಜಿಗೆ ಬಂದಾಗ ಸ್ಫೂರ್ತಿ ಹಳೆಯವನ್ನೂ ತೆಗೆಸಿ ನೋಡಿದಳು. ಆ ವರ್ಷ ಇದು ಏಳನೆಯದು. ಏಳರಲ್ಲೂ ಬಿಲ್ಲೆ ಕೇಳಿಸಿಕೊಂಡ ಸದ್ದು ಒಂದೇ ಜಾತಿಯದು: ಮೂರನೇ ಗೇರಿನಲ್ಲಿ ಸಣ್ಣ ಗುಂಯ್, ನಡುವೆ ಟಿಕ್. ಏಳರಲ್ಲೂ ಉತ್ತರ ಒಂದೇ. ಮಾಮೂಲಿ.

ಇದನ್ನು ಮಾಮೂಲಿ ಎಂದು ಯಂತ್ರಕ್ಕೆ ಕಲಿಸಿದವರು ಯಾರು? ಎರಡು ದಿನ ಬೆನ್ನುಹತ್ತಿದ ಮೇಲೆ ಉತ್ತರ ಸಿಕ್ಕಿತು. ನಲವತ್ತೊಂದು ದಾಖಲೆಗಳು, ಎಲ್ಲವೂ ಮಾನಪ್ಪನ ಗ್ಯಾರೇಜಿನವು. ಮೊದಲನೆಯದನ್ನು ಹಾಕಿದಳು. ಎಂಜಿನ್ನಿನ ಸದ್ದು. ಅದರ ಬೆನ್ನಿಗೆ ಮಾನಪ್ಪನ ಪ್ರಾಯದ ದನಿ: “ಏನೂ ಆಗಿಲ್ಲೋ ಮಾರಾಯ, ಮಾಮೂಲಿ ಸಪ್ಪಳ.” ಅಷ್ಟೇ. ಅವಳಿಗೆ ನಂಬಲಾಗಲಿಲ್ಲ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಅಬ್ಬರದ ನಡುವೆಯೂ ಒಂದು ಕೂದಲೆಳೆಯ ಬಿರುಕನ್ನು ಹಿಡಿಯುತ್ತಿದ್ದ ಮನುಷ್ಯ ಈ ಸದ್ದನ್ನು ನಲವತ್ತೊಂದು ಸಲ ಗುರುತಿಸದೆ ಹೋದನೇ?

ಕತ್ತರಿಸದ ಮೂಲ ದಾಖಲೆಗಳು ಪ್ರಯೋಗಾಲಯದ ಉಗ್ರಾಣದಲ್ಲಿ ಇನ್ನೂ ಇದ್ದವು. ಅದೇ ದಿನದ್ದನ್ನು ಹುಡುಕಿ ಹಾಕಿದಳು.

“ಏನೂ ಆಗಿಲ್ಲೋ ಮಾರಾಯ, ಮಾಮೂಲಿ ಸಪ್ಪಳ” ಎಂದ ಮೇಲೆ ದನಿ ಮುಂದುವರಿದಿತ್ತು. “ಆದ್ರ ನಿನ್ನ ಕ್ಲಚ್ ವಾಯರ್ ಬದಲಿ ಮಾಡೂದೈತಿ. ಗಾಡಿ ಇಲ್ಲಿರ್ಲಿ, ನಂದ ಒಯ್ಯಿ. ಮಗಳನ್ನ ದವಾಖಾನಿಯಿಂದ ಕರಕೊಂಡ ಬಾ. ನಾಡಿದ್ದ ಬಾ, ಕೊಡತೇನಿ.” ಬೈಕೊಂದು ದೂರ ಹೋಗುವ ಸದ್ದು. ಆಮೇಲೆ ಮಾನಪ್ಪ ಅವಳಿಗೇ ಹೇಳಿದ ಮಾತು: “ಬೇರಿಂಗ್ ಒಡದೈತ್ರಿ ಮೇಡಂ. ಪೂರ್ತಿ ಎಂಜಿನ್ ಬಿಚ್ಚಬೇಕು. ಹಂಗಂದ್ರ ಜನಾ ಹೆದರಿ ಗಾಡಿ ಹೊಡಕೊಂಡು ಹೋಗೇಬಿಡ್ತಾರ, ಮತ್ತ ಬರಂಗಿಲ್ಲ. ಅದಕ್ಕ ಮೊದಲ ಏನಿಲ್ಲ ಅನಬೇಕು. ಗಾಡಿ ನಮ್ಮ ಕೈಯಾಗ ಉಳದ್ರ ಸಾಕು.”

ಅದಕ್ಕೆ ಉತ್ತರವಾಗಿ ಇಪ್ಪತ್ತೆಂಟು ವರ್ಷದ ಸ್ಫೂರ್ತಿ ನಗುವುದು ಕೇಳಿಸಿತು.

ನಲವತ್ತೊಂದರಲ್ಲೂ ಹೀಗೆಯೇ. ಒಬ್ಬನಿಗೆ ಚೈನು ಸಡಿಲ ಎಂದಿದ್ದ, ಇನ್ನೊಬ್ಬನಿಗೆ ಆಯಿಲ್ ಬದಲಿಸಬೇಕು ಎಂದಿದ್ದ. ಎಲ್ಲರಿಗೂ ಮೊದಲು ಏನಿಲ್ಲ ಎಂದಿದ್ದ. ಒಬ್ಬನನ್ನೂ ಆ ಬೈಕಿನ ಮೇಲೆ ಕಳಿಸಿರಲಿಲ್ಲ. ದಾಖಲೆಗಳನ್ನು ಯಂತ್ರಕ್ಕೆ ಕೊಡುವ ಮುನ್ನ ಶುಚಿಗೊಳಿಸುವ ನಿಯಮವನ್ನು ಬರೆದವಳು ಸ್ಫೂರ್ತಿಯೇ: ಸದ್ದಿನ ನಂತರದ ಮೊದಲ ವಾಕ್ಯವನ್ನು ಉಳಿಸಿಕೊಳ್ಳಿ, ಉಳಿದ ಹರಟೆಯನ್ನು ಕತ್ತರಿಸಿ.

*

ಧ್ವನಿಮಾನದ ನಿರ್ದೇಶಕ ಚಿನ್ಮಯ್ ಅವಳು ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿದ. ಕೆಟ್ಟವನಲ್ಲ, ಅವಳಿಗಿಂತ ಹದಿನೈದು ವರ್ಷ ಚಿಕ್ಕವನು.

“ಇವತ್ತೇ ತಿದ್ದಿಬಿಡೋಣ ಮೇಡಂ. ಎಲ್ಲ ಬಿಲ್ಲೆಗಳಿಗೂ ನಾಳೆಯೊಳಗೆ ತಿದ್ದುಪಡಿ ಹೋಗುತ್ತೆ. ವರದಿಯಲ್ಲಿ ಮಾತ್ರ ಕಾರಣ ಬರೀಬೇಕಲ್ಲ.”

“ಕಾರಣ ನಾನು. ನನ್ನ ನಿಯಮ” ಎಂದಳು ಸ್ಫೂರ್ತಿ.

“ನಿಯಮವನ್ನ ಆಗ ಮೂರು ಸಮಿತಿ ಒಪ್ಪಿತ್ತು. ಅದೇ ತಪ್ಪು ಅಂದ್ರೆ ಬರೀ ಬೈಕಿಂದಲ್ಲ, ನಾವು ಮಾಡಿದ ಅಷ್ಟೂ ಯಂತ್ರಗಳನ್ನ ವಾಪಸ್ ತರಿಸಬೇಕಾಗುತ್ತೆ. ಎದೆಬಡಿತ ಕೇಳೋ ಯಂತ್ರ, ಮಕ್ಕಳ ಅಳು ಕೇಳೋ ಯಂತ್ರ... ಎಲ್ಲ ಅದೇ ನಿಯಮದ ಮೇಲೆ ನಿಂತಿರೋದು.” ಆಮೇಲೆ ಕೇಳಿದ: “ಏನೂ ಆಗಿಲ್ಲ ಅಂದವರು ಆ ಮೆಕ್ಯಾನಿಕ್ ತಾನೇ?”

“ಅವರೇ.”

“ಅಂದಾಗ ಅದು ಸುಳ್ಳು ಅಂತ ಅವರಿಗೆ ಗೊತ್ತಿತ್ತಲ್ಲ?”

“ಗೊತ್ತಿತ್ತು. ಆದರೆ ಅವರು...”

“ಮೇಡಂ, ವರದಿಯಲ್ಲಿ ‘ಆದರೆ’ಗೆ ಜಾಗ ಎಲ್ಲಿದೆ?”

ವರದಿ ಸಿದ್ಧವಾಯಿತು. ‘ಮೂಲ ಮಾಹಿತಿ ನೀಡಿದ ಮೆಕ್ಯಾನಿಕ್ ನಲವತ್ತೊಂದು ಸಂದರ್ಭಗಳಲ್ಲಿ ದೋಷವನ್ನು ತಿಳಿದೂ ಮರೆಮಾಚಿರುವುದು ಕಂಡುಬಂದಿದೆ.’ ಒಂದಕ್ಷರವೂ ಸುಳ್ಳಲ್ಲದ ವಾಕ್ಯ. ಸ್ಫೂರ್ತಿ ಮೂರು ದಿನ ಅದನ್ನು ಮೇಜಿನ ಮೇಲೆ ಇಟ್ಟುಕೊಂಡಳು. ಸಹಿ ಮಾಡದಿದ್ದರೆ ಪ್ರಯೋಗಾಲಯ ಮುಚ್ಚಬಹುದು, ಅರವತ್ತು ಜನರ ಕೆಲಸ ಹೋಗಬಹುದು ಎಂದು ತನಗೆ ತಾನೇ ಹೇಳಿಕೊಂಡಳು. ಕೊನೆಗೆ ನಡೆದದ್ದನ್ನೆಲ್ಲ ಎರಡು ಪುಟ ಬರೆದು ಅನುಬಂಧವಾಗಿ ಸೇರಿಸಿ, ವರದಿಗೆ ಸಹಿ ಮಾಡಿದಳು. ಅನುಬಂಧವನ್ನು ಯಾರೂ ಓದಲಿಲ್ಲ. ಓದುವುದಿಲ್ಲ ಎಂಬುದು ಸಹಿ ಮಾಡುವಾಗಲೇ ಅವಳಿಗೆ ಗೊತ್ತಿತ್ತು.

*

ಮರುವಾರ ಅವಳು ಗದಗಿಗೆ ಹೋದಳು. ಮೊದಲು ಆಸ್ಪತ್ರೆಗೆ.

ತಸ್ಲೀಮಾ ದಿಂಬಿಗೆ ಒರಗಿ ಕುಳಿತಿದ್ದಳು. ಬಂದವರು ಯಾರೆಂದು ತಿಳಿದ ಮೇಲೂ ಸಿಟ್ಟಾಗಲಿಲ್ಲ. ಹಾಸಿಗೆಯ ಮೇಲಿದ್ದ ಬಟ್ಟೆ ಸರಿಸಿ ಕೂರಲು ಜಾಗ ಮಾಡಿಕೊಟ್ಟಳು.

“ಮಾನಪ್ಪ ಕಾಕಾ ಹೇಳಿದ್ರು, ಗಾಡಿ ಬಿಡು ಅಂತ. ನಾ ಹಸರ ತೋರಿಸಿದೆ” ಎಂದಳು. “ಹಸರ ಕಂಡ ಮ್ಯಾಲೆ ಇನ್ನ ಯಾರನ್ನ ಕೇಳಬೇಕಿತ್ರಿ ನಾ?”

ಸ್ಫೂರ್ತಿ ಅವಳು ತೋರಿಸಿದ ಜಾಗದಲ್ಲಿ ಕುಳಿತಳು.

“ಆ ಇಪ್ಪತ್ತಮೂರು ಮಂದಿಗೆ ಮತ್ತ ರಕ್ತಾ ತಗದ್ರಂತ ಏನ್ರಿ? ಅದರಾಗ ಒಬ್ಬಾಕಿ ಬಸುರಿ ಇದ್ಲು. ಅರ್ಜೆಂಟ್ ಅಂದಿದ್ರು.”

ಸ್ಫೂರ್ತಿಗೆ ಅದು ಗೊತ್ತಿರಲಿಲ್ಲ. ಅವಳ ಕಡತದಲ್ಲಿ ಆ ವಿಷಯ ಇರಲಿಲ್ಲ.

ಗ್ಯಾರೇಜಿಗೆ ಹೋದಾಗ ಅರ್ಧ ಬಾಗಿಲು ಎಳೆದಿತ್ತು. ಪರವಾನಗಿ ತಡೆಹಿಡಿದ ನೋಟೀಸನ್ನು ಅದರ ಮೇಲೆ ಅಂಟಿಸಿದ್ದರು. ಒಳಗೆ ಮಾನಪ್ಪ ಸ್ಪ್ಯಾನರುಗಳನ್ನು ಅಳತೆಯ ಪ್ರಕಾರ ಹೊಂದಿಸುತ್ತ ಕುಳಿತಿದ್ದ. ಎದ್ದು, ಸ್ಟೂಲನ್ನು ಒರೆಸಿ ಮುಂದಿಟ್ಟ.

“ನನ್ನ ಕಿವಿ ಮೋಸ ಮಾಡಿತ್ರಿ ಮೇಡಂ. ಪ್ರಾಯದಾಗೂ ಸರಿ ಇರಲಿಲ್ಲ ಅನ್ನಸತೈತಿ. ಆ ಹುಡಿಗಿ ಕಾಲು...”

ಸ್ಫೂರ್ತಿ ಫೋನಿನಲ್ಲಿ ಮೂಲ ದಾಖಲೆಯನ್ನು ಹಾಕಿದಳು. ಮಾನಪ್ಪ ಬಲಗಿವಿಯನ್ನು ಅದರ ಹತ್ತಿರ ತಂದು ಕೇಳಿದ. ಎಂಜಿನ್ನಿನ ಸದ್ದು ಬಂದ ಕೂಡಲೇ, ತನ್ನ ಮಾತು ಬರುವ ಮೊದಲೇ, “ಬೇರಿಂಗ್” ಎಂದ. ಆಮೇಲೆ ತನ್ನ ದನಿ ಕೇಳಿ ಅವನ ಮುಖದಲ್ಲಿ ಒಂದು ನಗು ಮೂಡಿತು. “ದ್ಯಾಮಣ್ಣಂದು ಗಾಡಿ ಅದು. ಮಗಳಿಗೆ ಗಂಡುಮಗು ಆಗಿತ್ತು.” ಪೂರ್ತಿ ಕೇಳಿ ಮುಗಿದ ಮೇಲೆ ಒಂದು ಸ್ಪ್ಯಾನರನ್ನು ಎತ್ತಿ ಅದರ ಅಳತೆಯ ಜಾಗದಲ್ಲಿಟ್ಟ.

“ಅಂದ್ರ ಕಿವಿ ಸರೀನ ಇತ್ತು.”

“ಸರಿ ಇತ್ತು. ಆಗೂ, ಈಗೂ.”

“ಈಗೂ ಸರಿ ಇತ್ತಂದ್ರ, ಅವತ್ತ ನಾ ಆಕೀನ ಬಿಡಬಾರದಿತ್ತು. ಕೀಲಿ ಕಸಗೊಂಡು ನನ್ನ ಗಾಡಿ ಕೊಟ್ಟು ಕಳಸಬೇಕಿತ್ತು. ಯಾವಾಗಲೂ ಹಂಗ ಮಾಡತಿದ್ದೆ. ಈ ಬಿಲ್ಲಿ ಮುಂದ ನನಗ ನನ್ನ ಮ್ಯಾಲಿನ ನಂಬಿಕೀನ ಹೋಗಿತ್ರಿ.”

ಹೊರಗೆ ಯಾರೋ ಬೈಕು ನಿಲ್ಲಿಸಿ, ನೋಟೀಸು ಓದಿ, ಹೊರಟುಹೋದರು. ಮಾನಪ್ಪ ಕೇಳಿದ:

“ನಾ ಸುಳ್ಳಾ ಹೇಳೇನಿ ಅಂತ ಬರದಾರಲ್ಲ, ಆ ಕಾಗದದ ಮ್ಯಾಲೆ ನಿಮ್ಮ ಸಹಿ ಐತೇನ್ರಿ?”

“ಐತ್ರಿ.”

ಅವನು ತಲೆಯಾಡಿಸಿದ. ಬಯ್ಯಲಿಲ್ಲ. ಹೆಂಡತಿ ಮನೆಯಿಂದ ಚಹಾ ತಂದಳು. ಒಂದೇ ಲೋಟ ಇತ್ತು. ಅದನ್ನು ಗಂಡನ ಕೈಗೆ ಕೊಟ್ಟು, ಸ್ಫೂರ್ತಿಯ ಕಡೆ ನೋಡದೆ ಹಿಂದಕ್ಕೆ ಹೋದಳು.

*

ಬಿಲ್ಲೆ ಈಗ ಆ ಸದ್ದಿಗೆ ಕೆಂಪು ತೋರಿಸುತ್ತದೆ. ಆ ಮಟ್ಟಿಗೆ ತಿದ್ದುವುದೇನೂ ಉಳಿದಿಲ್ಲ. ಆದರೆ ವರದಿಯ ಬೆನ್ನಿಗೇ ಒಂದು ಸುತ್ತೋಲೆ ಹೊರಟಿತು. ಯಂತ್ರಗಳು ಮನುಷ್ಯರ ಮಾತಿನಿಂದಲೇ ಕಲಿಯುವುದರಿಂದ, ಧ್ವನಿ ದಾಖಲಾಗುವ ಕಡೆಗಳಲ್ಲಿ ಸಮಾಧಾನಕ್ಕಾಗಿ ವಾಸ್ತವಕ್ಕೆ ಹೊಂದದ ಮಾತನ್ನು ಯಾರೂ ಆಡತಕ್ಕದ್ದಲ್ಲ. ಅಷ್ಟು ಹೊತ್ತಿಗೆ ಗ್ಯಾರೇಜು, ಆಸ್ಪತ್ರೆ, ಶಾಲೆ, ಬಸ್ಸು ಎಲ್ಲ ಕಡೆಯೂ ಧ್ವನಿ ದಾಖಲಾಗುತ್ತಿತ್ತು. ಎರಡನೇ ಶಸ್ತ್ರಚಿಕಿತ್ಸೆಗೆ ತಸ್ಲೀಮಾಳನ್ನು ಒಯ್ಯುವಾಗ ಅವಳು ನರ್ಸಿನ ಕೈ ಹಿಡಿದು, “ಭಾಳ ನೋಯಿಸತೈತೇನ್ರಿ?” ಎಂದು ಕೇಳಿದಳು. ನರ್ಸು ಗೋಡೆಯ ಮೇಲೆ ಧ್ವನಿ ದಾಖಲಿಸುವ ಯಂತ್ರದ ಸಣ್ಣ ದೀಪವನ್ನೊಮ್ಮೆ ನೋಡಿ, “ನೂರರಲ್ಲಿ ಎಪ್ಪತ್ತೆರಡು ಜನರಿಗೆ ತೀವ್ರವಾಗಿ ನೋಯುತ್ತದೆ” ಎಂದಳು.

ಸ್ಫೂರ್ತಿಗೆ ಹೊಸ ಕೆಲಸ ಕೊಟ್ಟರು. ಹಳೆಯ ಸಂಗ್ರಹಗಳಲ್ಲಿ ಇಂಥ ಮಾತುಗಳು ಇನ್ನೆಷ್ಟು ಅಡಗಿವೆ ಎಂದು ಹುಡುಕಿ ತೆಗೆಯುವುದು. ಎಲ್ಲಕ್ಕಿಂತ ದೊಡ್ಡ ಸಂಗ್ರಹ 2020ರ ದಶಕದ್ದು. ಆಗಿನ ಜನರ ಫೋನುಗಳಿಂದ, ಸಹಾಯವಾಣಿಗಳಿಂದ, ಮನೆಯಲ್ಲಿ ಮಾತಾಡಿಸುವ ಪೆಟ್ಟಿಗೆಗಳಿಂದ ಕೂಡಿಹಾಕಿದ ಮಾತುಗಳು. ಪ್ರತಿ ತುಣುಕೂ ಐದಾರು ಸೆಕೆಂಡಿನದು. ಮೂಲ ದಾಖಲೆಗಳನ್ನು ಯಾರೂ ಉಳಿಸಿಟ್ಟಿರಲಿಲ್ಲ.

“ಏನಿಲ್ಲ ಬಿಡು, ನಾನು ಆರಾಮಾಗೇ ಇದ್ದೀನಿ” ಎಂದು ಒಬ್ಬ ಹೆಂಗಸು ಯಾರಿಗೋ ಹೇಳುತ್ತಿದ್ದಳು. ಹಿಂದೆ ಕುಕ್ಕರ್ ಕೂಗುತ್ತಿತ್ತು. ಮಾತು ಮುಗಿದ ಮೇಲೆ ಅವಳು ಇನ್ನೇನೋ ಹೇಳಲೆಂದು ಉಸಿರೆಳೆದುಕೊಂಡದ್ದು ಕೇಳಿಸಿತು. ಅಲ್ಲಿಗೆ ಕತ್ತರಿಸಿದ್ದರು.

ಪರದೆಯ ಮೇಲೆ ಎರಡು ಗುಂಡಿಗಳಿದ್ದವು: ನಿಜ, ಸುಳ್ಳು. ‘ನಿಜ’ ಎಂದದ್ದರಿಂದ ಯಂತ್ರಗಳು ಕಲಿಯುತ್ತವೆ, ‘ಸುಳ್ಳು’ ಎಂದದ್ದು ಅಳಿಸಿಹೋಗುತ್ತದೆ. ಸ್ಫೂರ್ತಿ ನಾಲ್ಕು ಸಲ ಕೇಳಿದಳು. ತಿಳಿಯದಿದ್ದರೆ ಏನು ಒತ್ತಬೇಕು ಎಂದು ಪಕ್ಕದವನನ್ನು ಕೇಳಿದಳು.

“ಎರಡರಾಗ ಒಂದು ಒತ್ತಬೇಕ್ರಿ ಮೇಡಂ. ಇಲ್ಲಂದ್ರ ಮುಂದಿಂದು ಬರಂಗಿಲ್ಲ” ಎಂದನವನು.

ಐದನೇ ಸಲ ಕೇಳಿ, ಸ್ಫೂರ್ತಿ ‘ನಿಜ’ ಒತ್ತಿದಳು.